ಆಷಾಢಕ್ಕೆ ಕಾದ ಕಾರು

ಐವತ್ಮೂರನೆಯ ವಯಸ್ಸಿನಲ್ಲಿ ನಾನು ಎರಡೇ ಸೀಟಿನ, ತಲೆಯ ಮೇಲಿನ ಹೊದಿಕೆಯನ್ನು ಹಿಂದಕ್ಕೆ ಮಡಚಿಡುವಂಥ ಒಂದು ಹಳೇ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟಾಗ ಮಂಡಿಪೇಟೆಯಲ್ಲಿ ನಗದವರೇ ಕಡಿಮೆ. ನಮ್ಮದು ಗೋಣಿಚೀಲದ ಸಗಟು ಅಂಗಡಿ. ಅಪ್ಪನ ಕಾಲದಿಂದಲೂ ನಾವು ಎದ್ದು ಕಾಣುವಂಥ ಯಾವ ವಸ್ತುವನ್ನೂ ಕೊಂಡವರಲ್ಲ. ಪಕ್ಕದ ಬೆಲ್ಲದ ಅಂಗಡಿಯವರು ಒಂದು ದಿನ ಚಹಾ ಕುಡಿಯುತ್ತಾ ಕೇಳಿಯೇಬಿಟ್ಟರು.

"ಏನ್ರೀ, ಈಗ ಶೋಕಿ ಹತ್ತೈತೆ ನಿಮ್ಗೆ?"

ನಾನೂ ಅವರ ಜೊತೆ ನಕ್ಕೆ. ಶೋಕಿ ಎಂದು ತಿಳಿದುಕೊಂಡರೆ ನನಗೇ ಅನುಕೂಲವಿತ್ತು. ಮುಚ್ಚಿದ ಕಾರಿನೊಳಗೆ ಕೂರಲು ನನಗೆ ಹೆದರಿಕೆ ಎಂಬುದನ್ನು ಬಜಾರಿನಲ್ಲಿ ಹೇಳುವುದಕ್ಕಿಂತ ಅದು ಎಷ್ಟೋ ಮೇಲು.

ಅದಕ್ಕೂ ಎರಡು ವರ್ಷ ಹಿಂದೆ, ನಂದಿಗುಡಿಯಲ್ಲಿರುವ ನನ್ನ ಹೆಂಡತಿಯ ಅಕ್ಕನ ಮನೆಯಲ್ಲಿ ಊಟ ಮುಗಿಸಿಕೊಂಡು ನಾವಿಬ್ಬರೂ ಕಾರಿನಲ್ಲಿ ವಾಪಸು ಬರುತ್ತಿದ್ದೆವು. ಸಂಜೆ ಐದರ ಹೊತ್ತು. ಭತ್ತದ ಗದ್ದೆಗಳಿಗೆ ನೀರು ಬಿಟ್ಟಿದ್ದ ಕಾಲ, ನಾಲೆ ಅಂಚಿನವರೆಗೆ ತುಂಬಿತ್ತು. ನಾಲೆಯ ಏರಿಯ ಮೇಲಿನ ಕಿರಿದಾದ ರಸ್ತೆಯಲ್ಲಿ ಎದುರಿಗೆ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್ ಬಂತು. ದಾರಿ ಕೊಡಲೆಂದು ನಾನು ಎಡಕ್ಕೆ ತೆಗೆದುಕೊಂಡೆ. ಎಡಗಡೆಯ ಮಣ್ಣು ನೆನೆದಿತ್ತು, ಚಕ್ರ ಕುಸಿಯಿತು. ಕಾರು ನಿಧಾನವಾಗಿ, ನಾವು ನೋಡುತ್ತಿದ್ದ ಹಾಗೆಯೇ ಎಡಕ್ಕೆ ವಾಲಿ ನಾಲೆಯೊಳಗೆ ಜಾರಿತು. ಅವಳು ಕೂತಿದ್ದ ಕಡೆ ಕೆಳಗಾಯಿತು, ನನ್ನ ಕಡೆ ಮೇಲಾಯಿತು. ಗಾಜು ಇಳಿಸುವ ಸ್ವಿಚ್ಚು ಕೆಲಸ ಮಾಡಲಿಲ್ಲ. ಮೇಲ್ಮುಖವಾಗಿದ್ದ ನನ್ನ ಬಾಗಿಲನ್ನು ಎಷ್ಟು ನೂಕಿದರೂ ಅದು ಎರಡು ಬೆರಳಿನಷ್ಟು ಎದ್ದು ಮತ್ತೆ ಬೀಳುತ್ತಿತ್ತು. ನೀರು ಒಳಗೆ ಬರುತ್ತಿತ್ತು. ಗದ್ದೆಯಲ್ಲಿದ್ದ ಇಬ್ಬರು ಓಡಿ ಬಂದು ಗುದ್ದಲಿಯಿಂದ ನನ್ನ ಕಡೆಯ ಗಾಜು ಒಡೆದು ನಮ್ಮನ್ನು ಎಳೆದುಕೊಂಡರು. ಅಷ್ಟರೊಳಗೆ ಎರಡು ನಿಮಿಷವಾಗಿತ್ತೋ ಐದಾಗಿತ್ತೋ ಗೊತ್ತಿಲ್ಲ.

ಅವಳ ಬಲ ಹೆಗಲಿನ ಮೂಳೆ ಬಿರುಕು ಬಿಟ್ಟಿತ್ತು. ಮೂರು ತಿಂಗಳಲ್ಲಿ ಕೂಡಿಕೊಂಡಿತು. ನನ್ನ ಮೈಮೇಲೆ ಗಾಜಿನ ಗೀರುಗಳನ್ನು ಬಿಟ್ಟರೆ ಏನೂ ಇರಲಿಲ್ಲ.

ಆದರೆ ಮುಂದಿನ ತಿಂಗಳು ನೆಂಟರ ಕಾರಿನಲ್ಲಿ ಮದುವೆಗೆ ಹೊರಟಾಗ, ಬಾಗಿಲು ಹಾಕಿಕೊಂಡ ಸದ್ದಿಗೇ ನನ್ನ ಬಾಯಿ ಒಣಗಿತು. ಎದೆ ಬಡಿದುಕೊಳ್ಳತೊಡಗಿತು. ಕೈ ತಾನಾಗಿ ಬಾಗಿಲಿನ ಹಿಡಿಗೆ ಹೋಯಿತು. ವಿದ್ಯಾನಗರ ದಾಟುವುದರೊಳಗೆ ಹೊಟ್ಟೆನೋವು ಎಂದು ಸುಳ್ಳು ಹೇಳಿ ಇಳಿದುಬಿಟ್ಟೆ. ಆಮೇಲೆ ಲಿಫ್ಟು ಬಿಟ್ಟೆ. ಬಸ್ಸಿನಲ್ಲಿ ಬಾಗಿಲ ಪಕ್ಕ ಸೀಟು ಸಿಕ್ಕರೆ ಮಾತ್ರ ಹತ್ತುತ್ತಿದ್ದೆ. ಮಳೆಯಿರಲಿ, ಬಿಸಿಲಿರಲಿ, ಎಲ್ಲಿಗೂ ಬೈಕೇ. ಒಬ್ಬ ಡಾಕ್ಟರರ ಹತ್ತಿರವೂ ಹೋದೆ. ಅವರು ಮಾತ್ರೆ ಬರೆದುಕೊಟ್ಟು, ಹೆದರಿಕೆ ತರುವ ಜಾಗದಲ್ಲಿ ದಿನಾ ಸ್ವಲ್ಪ ಸ್ವಲ್ಪ ಹೊತ್ತು ಕೂತು ಅಭ್ಯಾಸ ಮಾಡಬೇಕು ಎಂದರು. ಮಾತ್ರೆ ತೆಗೆದುಕೊಂಡೆ, ಕೂರಲಿಲ್ಲ.

ಹೆಂಡತಿ ಮಾತ್ರ ಹೆಗಲು ಸರಿಹೋದ ಮೇಲೆ ಡ್ರೈವಿಂಗ್ ಸ್ಕೂಲಿಗೆ ಸೇರಿ ಕಾರು ಕಲಿತಳು. "ಮನಿಗೆ ಒಬ್ರಾದ್ರೂ ಬೇಕಲ್ಲ" ಎಂದಳು. ಲೈಸೆನ್ಸ್ ಬಂತು, ಬೀರುವಿಗೆ ಸೇರಿತು. ನಾಲೆಗೆ ಬಿದ್ದ ಕಾರನ್ನು ಗುಜರಿಗೆ ಕೊಟ್ಟ ಮೇಲೆ ಮನೆಯಲ್ಲಿ ಕಾರೇ ಇರಲಿಲ್ಲ.

ಯುಗಾದಿ ಕಳೆದ ವಾರ, ಹರಿಹರದ ಅಕ್ಕಿ ಗಿರಣಿಗೆ ಹೋಗುವ ಕೆಲಸವಿತ್ತು. ಪಿ.ಬಿ. ರಸ್ತೆಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದಾಗ ಒಂದು ಬೂದು ಬಣ್ಣದ ಪುಟ್ಟ ಕಾರು ನನ್ನನ್ನು ದಾಟಿ ಹೋಯಿತು. ಮೇಲೆ ಏನೂ ಇಲ್ಲ. ತಲೆಗೆ ಟವೆಲು ಸುತ್ತಿಕೊಂಡ ಎಪ್ಪತ್ತರ ಯಜಮಾನರೊಬ್ಬರು ಒಬ್ಬರೇ ಆರಾಮಾಗಿ ಓಡಿಸಿಕೊಂಡು ಹೋಗುತ್ತಿದ್ದರು. ಅವರ ತಲೆಗೂ ಆಕಾಶಕ್ಕೂ ನಡುವೆ ತಡೆಯೇ ಇರಲಿಲ್ಲ. ನಾನು ಗಿರಣಿಯನ್ನು ಮರೆತು ಅವರ ಹಿಂದೆಯೇ ಹೋದೆ.

ಕಾರು ಹರಿಹರದ ಒಂದು ಗಲ್ಲಿಯೊಳಗೆ ತಗಡಿನ ಶೆಡ್ಡಿನ ಮುಂದೆ ನಿಂತಿತು. ಯಜಮಾನರು ಇಳಿಯಲು ಪಟ್ಟ ಕಷ್ಟ ನೋಡಿ ನಾನೇ ಹೋಗಿ ಕೈ ಕೊಟ್ಟೆ. ಅವರು ಲೇತ್ ಇಟ್ಟುಕೊಂಡು ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತಿದ್ದವರಂತೆ, ಈಗ ಎಲ್ಲ ನಿಲ್ಲಿಸಿದ್ದರು. ಕಾರನ್ನು ಎಂಟು ವರ್ಷ ಹಿಂದೆ ಪುಣೆಯಲ್ಲಿ ಸೆಕೆಂಡ್ ಹ್ಯಾಂಡಾಗಿ ಕೊಂಡಿದ್ದರು.

"ಕೂಡೋದು ಸಲೀಸು ಐತ್ರಿ, ಏಳೋದೇ ಆಗವಲ್ದು. ನೆಲಕ್ಕೆ ಹತ್ತೈತೆ ಸೀಟು. ಮೊಣಕಾಲು ಕೈ ಕೊಟ್ಟಾವು."

"ಹಂಗಾರೆ ಕೊಡ್ತೀರೇನ್ರಿ?"

"ಕೊಡ್ತೀನಿ. ರೇಟಿಗೆ ಬಂದ್ರೆ."

ಅವರು ಹೇಳಿದ ರೇಟು ನನ್ನ ಅಂದಾಜಿಗಿಂತ ಬಹಳ ಮೇಲಿತ್ತು. ಕೂತು ನೋಡಿ ಎಂದರು. ಕೂತೆ. ಬಾಗಿಲು ಹಾಕಿಕೊಂಡೆ. ಸದ್ದು ಅದೇ ಥರದ್ದು, ಆದರೆ ತಲೆಯೆತ್ತಿದರೆ ಬೇವಿನ ಟೊಂಗೆಯೂ ಬಿಸಿಲೂ ಕಂಡವು. ಎದೆ ಬಡಿದುಕೊಳ್ಳಲಿಲ್ಲ. ನನಗೆ ಅಳು ಬರುವಂತಾಗಿ, ಯಜಮಾನರಿಗೆ ಕಾಣಬಾರದೆಂದು ಗೇರಿನ ಮೇಲೆ ಕೈಯಾಡಿಸುತ್ತಾ ಬಗ್ಗಿ ಕೂತೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ.

"ಮ್ಯಾಲೆ ಬಿಚ್ಚಿದ್ರೆ ಕೂಡ್ತೀರೇನು?"

"ಕೂತಿದ್ದೆ ಇವತ್ತು."

"ಮಳೆ ಬಂದ್ರೆ ಏನ್ಮಾಡ್ತೀರಿ?"



ನಮ್ಮ ಬೈಕಿನ ರಿಪೇರಿ ನೋಡಿಕೊಳ್ಳುವ ಗ್ಯಾರೇಜಿನ ಮೇಸ್ತ್ರಿ ಹಳೇ ಕಾರುಗಳನ್ನು ಬಲ್ಲವರು. ಅವರನ್ನು ಕೇಳಿದೆ. ಅವರು ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತು ಹೇಳಿದರು:

"ಸಾಹುಕಾರ್ರೇ, ಇಂಥಾ ಗಾಡಿ ಈಗ ಕೇಳ್ಬ್ಯಾಡ್ರಿ. ಬ್ಯಾಸಿಗಿನಾಗ ಎಲ್ರಿಗೂ ಗಾಳಿ ಬೇಕು. ದಸರಾದಾಗಂತೂ ಕೇಳ್ಲೇಬ್ಯಾಡ್ರಿ. ಆಷಾಢ ಬರ್ಲಿ. ಮಂದಿ ಹೊಸಾ ಗಾಡಿನೇ ತಗಳಲ್ಲ, ಇನ್ನ ಟಾಪ್ ಇಲ್ದ ಗಾಡಿ ಯಾರು ತಗಂತಾರೆ? ಮಳೆ ಸುರೀತಿರ್ಬೇಕು, ಅವಾಗ ಹೋಗಿ ಕೇಳ್ರಿ. ಭಾವ ತಾನೇ ಇಳೀತೈತೆ."

"ಅಷ್ಟರೊಳಗ ಬೇರೆಯವ್ರು ಒಯ್ದ್ರೆ?"

"ಒಯ್ದ್ರೆ ಒಯ್ಲಿ ಬಿಡ್ರಿ, ನಸೀಬು. ಇನ್ನೊಂದ್ ಮಾತು. ಟಾಪ್ ಸೋರ್ತೈತೋ ಇಲ್ಲೋ ಮಳಿಯಾಗೇ ಗೊತ್ತಾಗೋದು. ಟಾಪ್ ಮುಚ್ಕೊಂಡು, ಜೋರು ಮಳಿಯಾಗ ಒಂದ್ ರೌಂಡ್ ಹೊಡೀಬೇಕು. ಇಲ್ಲಂದ್ರೆ ನಾನು ಹೂಂ ಅನ್ನಲ್ಲ."

ಟಾಪ್ ಮುಚ್ಚಿಕೊಂಡು.  ನನ್ನ ಹೆದರಿಕೆಯನ್ನು ಅವರಿಗೆ ಹೇಳಿರಲಿಲ್ಲವಾದ್ದರಿಂದ ತಲೆಯಾಡಿಸಿ ಬಂದೆ.

ಮೂರು ತಿಂಗಳ ಹತ್ತಿರ ಕಾದೆ. ವಾರಕ್ಕೊಮ್ಮೆ ಏನಾದರೂ ನೆಪ ಹುಡುಕಿ ಹರಿಹರಕ್ಕೆ ಹೋಗಿ ಆ ಗಲ್ಲಿಯ ಮುಂದೆ ಬೈಕು ನಿಧಾನ ಮಾಡುತ್ತಿದ್ದೆ. ಹೊದಿಸಿದ್ದ ತಾಡಪಾಲಿನ ಅಂಚಿನಲ್ಲಿ ಕಾರಿನ ಹಿಂಭಾಗ ಕಂಡರೆ ಉಸಿರು ಬರುತ್ತಿತ್ತು. ಬೇರೆ ಯಾರೂ ಒಯ್ದಿಲ್ಲ. ಮರುಗಳಿಗೆಯೇ ಇನ್ನೊಂದು ಹೆದರಿಕೆ: ಹಾಗಾದರೆ ನಾನು ಅದರೊಳಗೆ ಕೂರಲೇಬೇಕು. ಮೃಗಶಿರಾ ಮಳೆ ಹಿಡಿದಾಗ ಜನ ಖುಷಿಪಟ್ಟರು. ನಾನು ಅಂಗಡಿಯ ಗಲ್ಲಾದ ಹಿಂದೆ ಕೂತು ತಗಡಿನ ಮೇಲೆ ಹನಿ ಬೀಳುವುದನ್ನು ಕೇಳುತ್ತಾ, ಇದೇ ಸದ್ದು ತಲೆಯಿಂದ ಒಂದು ಗೇಣು ಮೇಲೆ ಕೇಳಿಸಿದರೆ ಹೇಗಿರುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ.

ಆಷಾಢದ ಮೊದಲ ಭಾನುವಾರ ನಾನು, ಹೆಂಡತಿ, ಮೇಸ್ತ್ರಿ ಹರಿಹರಕ್ಕೆ ಹೋದೆವು. ಮೇಸ್ತ್ರಿ ಇಂಜಿನ್ನು, ಬ್ರೇಕು ಎಲ್ಲ ನೋಡಿದರು. ಯಜಮಾನರು ತಾವಾಗಿಯೇ ರೇಟು ಇಳಿಸಿದರು. "ಯಾರೂ ತಿರುಗಿ ನೋಡ್ತಿಲ್ಲ ನೋಡ್ರಿ ಇದನ್ನ" ಎಂದರು. ಮೇಸ್ತ್ರಿ ನನ್ನತ್ತ ತಿರುಗಿ ಹುಬ್ಬು ಹಾರಿಸಿದರು.

ಮೋಡವಿತ್ತು, ಮಳೆ ಇರಲಿಲ್ಲ. ಎರಡೇ ಸೀಟಾದ್ದರಿಂದ ನಾವು ಗಂಡ ಹೆಂಡತಿಯೇ ಹೊರಟೆವು. ಯಜಮಾನರು ಟಾಪ್ ಹಾಕುವ ರೀತಿಯನ್ನು ಹೆಂಡತಿಗೆ ತೋರಿಸಿಕೊಟ್ಟರು. ಕಾರು ನಿಲ್ಲಿಸಬೇಕು, ಗುಂಡಿ ಒತ್ತಿ ಹಿಡಿಯಬೇಕು, ಕೊನೆಗೆ ಮೇಲಿನ ಎರಡು ಕೊಂಡಿ ಸಿಕ್ಕಿಸಬೇಕು.

ಊರೊಳಗೆ ಒಂದು ಸುತ್ತು ಹಾಕುವವರೆಗೆ ನಾನು ಚೆನ್ನಾಗಿಯೇ ಇದ್ದೆ. ಜನ ನೋಡಿದರು, ಹೆಂಡತಿ ಸೆರಗನ್ನು ಬಿಗಿದುಕೊಂಡು ಮುಗುಳ್ನಕ್ಕಳು. ಹೊಳೆಯ ಮೇಲಿನ ಹಳೇ ಸೇತುವೆ ಹತ್ತಿರ ಬರುತ್ತಿದ್ದ ಹಾಗೆ ದಪ್ಪ ಹನಿಗಳು ಬಿದ್ದವು. ಅವಳು, "ರೀ, ನಿಲ್ಸ್ರಿ" ಎಂದಳು. ನಿಲ್ಲಿಸಿದೆ. ಅವಳು ನನ್ನ ಮುಖ ನೋಡಿದಳು. ಅವಳ ಕೂದಲಿನಿಂದ ನೀರು ಇಳಿಯುತ್ತಿತ್ತು. ಬೇಡ ಎನ್ನಲು ನನಗೆ ನಾಚಿಕೆಯಾಯಿತು.

"ಹಾಕು" ಎಂದೆ.

ಹಿಂದಿನಿಂದ ಕಪ್ಪು ಬಟ್ಟೆ ಎದ್ದು ನಮ್ಮ ತಲೆಯ ಮೇಲೆ ಬಂದು ಕೂತಿತು. ಅವಳು ಕೊಂಡಿ ಸಿಕ್ಕಿಸಿದಳು. ನಾನು ಸ್ಟೇರಿಂಗು ಬಿಗಿಯಾಗಿ ಹಿಡಿದು ಸೇತುವೆ ಹತ್ತಿಸಿದೆ. ಬೇಗ ದಾಟಿಬಿಡಬೇಕು ಎಂಬುದೊಂದೇ ತಲೆಯಲ್ಲಿತ್ತು.

ನಟ್ಟನಡುವೆ ಮುಂದಿದ್ದ ಲಾರಿ ನಿಂತಿತು. ಹಿಂದೆ ಬಸ್ಸು ಬಂದು ನಿಂತಿತು. ಮಳೆ ಜೋರಾಯಿತು. ಗಾಜುಗಳ ಮೇಲೆ ನಮ್ಮ ಉಸಿರಿನ ಮಬ್ಬು ಕವಿಯಿತು. ಮಬ್ಬನ್ನು ಒರೆಸಿ ಪಕ್ಕಕ್ಕೆ ನೋಡಿದೆ. ನೋಡಬಾರದಿತ್ತು. ಕಂಬಿಯಾಚೆ ತುಂಗಭದ್ರೆ ಕೆಂಪಗೆ ದಡದಿಂದ ದಡಕ್ಕೆ ತುಂಬಿಕೊಂಡು ಹೋಗುತ್ತಿತ್ತು. ಬಟ್ಟೆಯ ಮೇಲೆ ಮಳೆಯ ಸದ್ದು. ನನಗೆ ಕಾರು ವಾಲಿದ ಹಾಗಾಯಿತು. ವಾಲಿರಲಿಲ್ಲ, ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಬಾಗಿಲಿನ ಹಿಡಿ ಎಳೆಯಿತು. ಬಾಗಿಲು ತೆರೆದು, ಇಂಜಿನ್ನು ಓಡುತ್ತಿರುವಂತೆಯೇ ನಾನು ಇಳಿದು ಕಂಬಿಯ ಹತ್ತಿರ ಹೋಗಿ ನಿಂತೆ.

ಬಸ್ಸಿನವನು ಹಾರ್ನ್ ಒತ್ತಿ ಹಿಡಿದ. ಲಾರಿ ಮುಂದೆ ಹೋಗಿಬಿಟ್ಟಿತ್ತು. ಯಾರೋ ಕಿಟಕಿಯಿಂದ ಬೈದರು. ನನಗೆ ಕಾಲು ಎತ್ತಿಡಲೇ ಆಗಲಿಲ್ಲ. ತೆರೆದ ಬಾಗಿಲಿನಿಂದ ಸೀಟಿನ ಮೇಲೆ ಮಳೆ ಬೀಳುತ್ತಿತ್ತು. ಹೆಂಡತಿ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಸೀರೆ ಎತ್ತಿ ಹಿಡಿದು, ಗೇರಿನ ಕೋಲು ದಾಟಿ ನನ್ನ ಸೀಟಿಗೆ ಬಂದಳು. ಬಾಗಿಲು ಹಾಕಿಕೊಂಡಳು. ಕಾರು ಒಂದು ಸಲ ಜರ್ಕು ಹೊಡೆದು ನಿಂತಿತು, ಮತ್ತೆ ಚಾಲೂ ಆಯಿತು, ಹೊರಟಿತು. ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಉಳಿದ ಗಾಡಿಗಳು. ಎಲ್ಲದರ ಹಿಂದೆ ನಾನು ಆ ಮಳೆಯಲ್ಲಿ ಸೇತುವೆಯ ಆ ತುದಿಯವರೆಗೆ ನಡೆದುಕೊಂಡು ಹೋದೆ.

ಆ ದಡದಲ್ಲಿ ಚಹಾದಂಗಡಿಯ ಪಕ್ಕ ಅವಳು ಕಾರು ನಿಲ್ಲಿಸಿಕೊಂಡು ಅಂಗಡಿಯ ಮಾಡಿನ ಕೆಳಗೆ ಬೆಂಚಿನ ಮೇಲೆ ಕೂತಿದ್ದಳು. ಎರಡು ಚಹಾ ಹೇಳಿದ್ದಳು. ನಾನು ಪಕ್ಕದಲ್ಲಿ ಕೂತು ಲೋಟ ತೆಗೆದುಕೊಂಡೆ.

ಇಲ್ಲಿ, ನಾಲೆಯ ಸಂಗತಿ ಹೇಳುವಾಗ ನಾನು ಬಿಟ್ಟುಬಿಟ್ಟ ಒಂದು ಮಾತನ್ನು ಬರೆಯಬೇಕು. ಗಾಜು ಒಡೆದಾಗ ನಾನು ಮೇಲಿದ್ದೆ, ಅವಳು ಕೆಳಗಿದ್ದಳು, ಅವಳ ಎದೆಯವರೆಗೆ ನೀರಿತ್ತು. ಹೊರಗೆ ಹೋಗಲು ನನ್ನ ಕಾಲಿಗೆ ಆಸರೆ ಬೇಕಿತ್ತು. ನಾನು ಅವಳ ಹೆಗಲ ಮೇಲೆ ಕಾಲಿಟ್ಟು ಒದ್ದುಕೊಂಡು ಮೇಲೆ ಹತ್ತಿದೆ. ನಾನು ಒದ್ದಾಗ ಅವಳ ತಲೆ ನೀರೊಳಗೆ ಹೋಯಿತು. ಮೂಳೆ ಬಿರುಕು ಬಿಟ್ಟದ್ದು ಅದರಿಂದ. ಆಸ್ಪತ್ರೆಯಲ್ಲಿ ಡಾಕ್ಟರರು ಕೇಳಿದಾಗ ಅವಳು, "ಬಾಗ್ಲು ಬಡೀತ್ರಿ" ಎಂದಿದ್ದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಎರಡು ವರ್ಷ ನಾವಿಬ್ಬರೂ ಆ ಮಾತು ಎತ್ತಿರಲಿಲ್ಲ. ಅವಳಿಗೆ ಆ ಗಡಿಬಿಡಿಯಲ್ಲಿ ತಿಳಿದಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

"ಇವತ್ತೂ ನಿನ್ನ ಬಿಟ್ಟು ಇಳಿದ್ಬಿಟ್ಟೆ" ಎಂದೆ. "ಅವತ್ತು..."

"ಅವತ್ತು ಹೆಗಲ ಮ್ಯಾಲೆ ಕಾಲಿಟ್ರಿ. ಗೊತ್ತೈತೆ ನನಗೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಚಳಿಗಾಲದಾಗ ಈಗ್ಲೂ ನೋಯ್ತೈತೆ."

"ಯಾಕ ಹೇಳ್ಲಿಲ್ಲ ಮತ್ತೆ?"

"ಏನಂತ ಹೇಳ್ಲಿ? ನೀವು ಬೇಕಂತ ಇಟ್ಟಿದ್ದಲ್ಲ. ಆದ್ರೆ ಒಂದ್ ಮಾತ್ ಕೇಳ್ರಿ. ನನಗ ನೀರು, ಕಾರು ಯಾವ್ದೂ ಹೆದ್ರಿಕಿ ಇಲ್ಲ. ನೀವು ಮುಚ್ಚಿದ್ ಜಾಗದಾಗ ಕೂತಾಗ ಬಾಗ್ಲು ನೋಡ್ತೀರಿ, ನನ್ನ ನೋಡಲ್ಲ. ಆ ಮುಖ ನೋಡಿದ್ರೆ ಮಾತ್ರ ನನಗ ಹೆದ್ರಿಕಿ ಆಗ್ತೈತೆ. ಇವತ್ತೂ ಆತು."

 ಎರಡು ವರ್ಷ ನನ್ನ ಹೆದರಿಕೆಯನ್ನು ಮಾತ್ರ ನಾನು ನೋಡಿಕೊಂಡಿದ್ದೆ. ಒಂದೇ ಮನೆಯಲ್ಲಿ ನನ್ನ ಜೊತೆ ಇದ್ದವಳಿಗೆ ನನ್ನನ್ನು ಕಂಡೇ ಹೆದರಿಕೆಯಿತ್ತು ಎಂದು ಆ ಬೆಂಚಿನ ಮೇಲೆ ಗೊತ್ತಾಯಿತು. ಕ್ಷಮಿಸು ಎಂದೆ. ಅವಳು, "ಚಾ ಆರೋಗ್ತೈತೆ, ಕುಡೀರಿ" ಎಂದಳು.

ವಾಪಸು ಅವಳು ಕಾರಿನಲ್ಲಿ ಹೋದಳು, ನಾನು ಆಟೋದಲ್ಲಿ ಹಿಂಬಾಲಿಸಿದೆ. ಶೆಡ್ಡಿನ ಮುಂದೆ ಒದ್ದೆ ಸೀಟು ನೋಡಿ ಯಜಮಾನರು, "ಟಾಪ್ ಸೋರ್ತೇನ್ರಿ?" ಎಂದು ಗಾಬರಿಯಾದರು. ಹೌದು ಎಂದುಬಿಟ್ಟಿದ್ದರೆ ರೇಟು ಇನ್ನೂ ಇಳಿಯುತ್ತಿತ್ತು. ನಾನು ಅವರಿಗೂ ಮೇಸ್ತ್ರಿಗೂ ಇದ್ದದ್ದು ಇದ್ದ ಹಾಗೆ ಹೇಳಿದೆ. ನಾಲೆಯಿಂದ ಶುರುಮಾಡಿ, ಹೆಗಲನ್ನೂ ಬಿಡದೆ. ಹೇಳುವಾಗ ಹೆಂಡತಿ ಪಕ್ಕದಲ್ಲಿ ನಿಂತು ಸೆರಗು ಹಿಂಡುತ್ತಿದ್ದಳು. ಮೇಸ್ತ್ರಿ ತಲೆ ತಗ್ಗಿಸಿಕೊಂಡು, "ನನಗೆ ಮೊದ್ಲೇ ಹೇಳ್ಬಾರ್ದೇನ್ರಿ, ಮಳಿಯಾಗ ಹೋಗ್ರಿ ಅಂತ ನಾನೇ ಕಳಿಸ್ದೆ" ಎಂದರು.

ಯಜಮಾನರು ಸೀಟನ್ನು ಟವೆಲಿನಿಂದ ಒತ್ತಿ ಒತ್ತಿ ಒರೆಸಿದರು.

"ಈಗ್ಲೇ ತಗೋಬ್ಯಾಡ್ರಿ" ಎಂದರು. "ಭಾನುವಾರ ಬರ್ರಿ. ಶೆಡ್‌ನಾಗ ಟಾಪ್ ಹಾಕ್ಕೊಂಡು ಇಬ್ರೂ ಕೂಡ್ರಿ. ಎಷ್ಟ್ ಹೊತ್ತು ಆಗ್ತೈತೋ ಅಷ್ಟು. ಆದ್ರೆ ಗಿರಾಕಿ ಬಂದ್ರೆ ನಾನು ತಡಿಯಾಕ ಆಗಲ್ಲ, ಅದನ್ನೂ ಹೇಳಿರ್ತೀನಿ."

ಮೊದಲ ಭಾನುವಾರ ಎರಡು ನಿಮಿಷ. ಚಾವಿ ಹೆಂಡತಿಯ ಕೈಯಲ್ಲಿ, ಬಾಗಿಲಿಗೆ ಲಾಕಿಲ್ಲ, ಚಕ್ರ ಕದಲುವುದಿಲ್ಲ. ಆದರೂ ಅಂಗಿ ಬೆನ್ನಿಗೆ ಅಂಟಿಕೊಂಡಿತು. ನಾನು ಬಾಗಿಲಿನ ಕಡೆ ತಿರುಗಿದಾಗಲೆಲ್ಲ ಅವಳು, "ಇತ್ಲಾಗೆ ನೋಡ್ರಿ" ಎನ್ನುತ್ತಿದ್ದಳು. ಅವಳ ಮುಖ ನೋಡುವುದು ಬಾಗಿಲು ನೋಡುವುದಕ್ಕಿಂತ ಕಷ್ಟವಾಗಿತ್ತು. ಎರಡನೆಯ ಭಾನುವಾರ ನಾಲ್ಕು ನಿಮಿಷ. ಮೂರನೆಯ ಭಾನುವಾರ ಮಳೆಯಿತ್ತು, ಒಂದು ನಿಮಿಷಕ್ಕೇ ಇಳಿದುಬಿಟ್ಟೆ. ಆಷಾಢ ಮುಗಿಯುತ್ತಾ ಬಂತು. ಮೇಸ್ತ್ರಿ ಫೋನ್ ಮಾಡಿ, "ಭೀಮನ ಅಮಾಸಿ ಆದ್ ಮ್ಯಾಲೆ ಶ್ರಾವಣ, ಭಾವ ಏರ್ತೈತೆ, ಈಗ್ಲೇ ಮುಗಿಸ್ರಿ" ಎಂದು ಅವಸರ ಮಾಡಿದರು. ನನಗೂ ಗೊತ್ತಿತ್ತು. ಆದರೆ ಹೆಂಡತಿ ಒಪ್ಪಲಿಲ್ಲ. "ನಿಮಗ ಯಾವಾಗ ಆಗ್ತೈತೋ ಅವಾಗ" ಎಂದಳು.

ಅಮಾವಾಸ್ಯೆ ಕಳೆದು ಶ್ರಾವಣ ಬಂತು. ಹುಬ್ಬಳ್ಳಿಯಿಂದ ಒಬ್ಬರು ಬಂದು ಕಾರು ನೋಡಿಕೊಂಡು ಹೋದರು. ಒಯ್ದೇಬಿಡುತ್ತಾರೆ ಎಂದು ವಾರವಿಡೀ ನನಗೆ ಊಟ ಸೇರಲಿಲ್ಲ. ಶನಿವಾರ ಫೋನ್ ಮಾಡಲೂ ಧೈರ್ಯವಾಗದೆ ಭಾನುವಾರ ನೇರವಾಗಿ ಹೋದೆವು. ಕಾರು ಇತ್ತು. ಅವತ್ತು ಮಳೆಯೂ ಇತ್ತು. ನಾವು ಒಳಗೆ ಕೂತೆವು. ಅವಳು ಟಾಪ್ ಹಾಕಿ ಕೊಂಡಿ ಸಿಕ್ಕಿಸಿದಳು. ಎದೆ ಎಂದಿನಂತೆ ಬಡಿದುಕೊಂಡಿತು, ಏರಿತು, ಇನ್ನು ಆಗುವುದಿಲ್ಲ ಎನ್ನುವಷ್ಟಾಯಿತು. ನಾನು ಅವಳ ಬಲ ಹೆಗಲ ಮೇಲೆ ಕೈಯಿಟ್ಟೆ. ಅವಳು ಒಂದು ಸಲ ಬೆಚ್ಚಿದಳು, ಆಮೇಲೆ ಸುಮ್ಮನಾದಳು. ಸ್ವಲ್ಪ ಹೊತ್ತಿಗೆ ನನ್ನ ಉಸಿರೂ ಇಳಿಯಿತು. ಹೊರಗೆ ಯಜಮಾನರು ಗಡಿಯಾರ ಹಿಡಿದುಕೊಂಡು ನಿಂತಿದ್ದರು. ಹತ್ತೊಂಬತ್ತು ನಿಮಿಷ ಎಂದರು.

ಅವತ್ತೇ ಮಾತು ಮುಗಿಸಿದೆವು. ಹುಬ್ಬಳ್ಳಿಯವರು ಕೇಳಿದ್ದರಿಂದ ರೇಟು ಮತ್ತೆ ಮೇಲೇರಿತ್ತು, ಯುಗಾದಿಯಲ್ಲಿ ಹೇಳಿದ್ದಕ್ಕಿಂತ ಅಲ್ಪ ಕಡಿಮೆ ಅಷ್ಟೇ. ಮೇಸ್ತ್ರಿ ತಲೆ ಚಚ್ಚಿಕೊಂಡರು. ಕಾಗದಪತ್ರವನ್ನು ಹೆಂಡತಿಯ ಹೆಸರಿಗೆ ಮಾಡಿಸಿದೆ.

ಈಗ ಹೆಚ್ಚಾಗಿ ಅವಳೇ ಓಡಿಸುತ್ತಾಳೆ. ಬಿಸಿಲಿದ್ದರೆ ಟಾಪ್ ಬಿಚ್ಚಿಕೊಂಡು ಹೋಗುತ್ತೇವೆ. ದೂಳು ತಿನ್ನುತ್ತೇವೆ, ಮಂಡಿಪೇಟೆಯಲ್ಲಿ ಹಮಾಲರು ಕೈ ಬೀಸುತ್ತಾರೆ. ನನಗೆ ಪೂರ್ತಿ ವಾಸಿಯಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಕಳೆದ ತಿಂಗಳು ಉಕ್ಕಡಗಾತ್ರಿಯ ಗುಡಿಗೆ ಹೊರಟಾಗ ದಾರಿಯಲ್ಲಿ ಮೋಡ ಕಪ್ಪಾಯಿತು. ಅವಳು ಬದಿಗೆ ನಿಲ್ಲಿಸಿ, ಗುಂಡಿಯ ಮೇಲೆ ಬೆರಳಿಟ್ಟು ಕೇಳಿದಳು.

"ಹಾಕ್ಲಾ?"

ನಾನು ಆಕಾಶ ನೋಡಿದೆ, ಅವಳನ್ನು ನೋಡಿದೆ. ಆಗುವುದಿಲ್ಲ ಎನ್ನಿಸಿತು.

"ಇವತ್ತು ಆಗಲ್ಲ ಕಣೇ" ಎಂದೆ. "ನೀನು ಹಾಕ್ಕೊಂಡು ಮುಂದೆ ಹೋಗು. ನಾನು ಬಸ್ಸಿಗೆ ಬರ್ತೀನಿ."

ಹೇಳಿ ಇಳಿದೆ, ಬಾಗಿಲನ್ನು ಮೆಲ್ಲಗೆ ಹಾಕಿದೆ. ಅವಳು ಟಾಪ್ ಹಾಕಿಕೊಂಡಳು, ಆದರೆ ಮುಂದೆ ಹೋಗಲಿಲ್ಲ. ಬಸ್ಸು ಬರುವವರೆಗೆ, ಅರ್ಧ ಗಂಟೆ, ಮಳೆಯಲ್ಲಿ ನಾನು ಮರದ ಕೆಳಗೆ ನಿಂತಿದ್ದೆ, ಅವಳು ಗಾಜು ನಾಲ್ಕು ಬೆರಳು ಇಳಿಸಿಕೊಂಡು ಮನೆಯ ಮಾತು ಆಡುತ್ತಿದ್ದಳು.